ಯಾರಿಗಾದ್ರೂ ಮರಿ ಬೇಕಾ?

ದುಡ್ಡು ಕೊಟ್ಟು ತಂದ ಸಕ್ಯುಲೆಂಟ್ (ದಪ್ಪ ಎಲೇಲಿ ನೀರು ತುಂಬಿಟ್ಕೊಳ್ಳೋ ಗಿಡ) ಸಾಯುತ್ತೆ, ಬಿಟ್ಟಿ ಬಂದಿದ್ದು ಏನ್ ಮಾಡಿದ್ರೂ ಸಾಯಲ್ಲ. ನರ್ಸರಿಯಿಂದ ತಂದ ಎಚೆವೇರಿಯಾ ಎಷ್ಟು ಮುದ್ದಾಗಿತ್ತು ಅಂದ್ರೆ ನನ್ನ ಹೆಂಡ್ತಿ ಪ್ರೀತಿ ತಡೀಲಾರದೆ ದಿನಾ ನೀರು ಹಾಕಿ ಹಾಕಿ ಬುಡಾನೇ ಕೊಳೆತು ಹೋಯ್ತು. ಅವಳ ಚಿಕ್ಕಮ್ಮ ಶಿರಾದಿಂದ ಟಿಶ್ಯೂ ಪೇಪರಲ್ಲಿ ಸುತ್ಕೊಂಡು ಬಂದಿದ್ದ ಮದರ್ ಆಫ್ ಥೌಸಂಡ್ಸ್ ಮರಿಗಳು ಮಾತ್ರ ರಶ್ ಬಸ್ಸಲ್ಲಿ ವ್ಯಾನಿಟಿ ಬ್ಯಾಗೊಳಗೆ ನುಗ್ಗುನುರಿಯಾಗಿ ತುಮಕೂರು ತಲುಪಿದ್ರೂ ಬದುಕಿದ್ವು.

ಈ ಗಿಡ ನೋಡಿಲ್ದೋರಿಗೆ ಹೇಳ್ತೀನಿ. ಉದ್ದನೆ ಎಲೆ, ಅಂಚೆಲ್ಲಾ ಗರಗಸದ ಹಲ್ಲು ಥರ, ಪ್ರತಿ ಹಲ್ಲಿನ ಸಂದೀಲೂ ಎರಡೆರಡು ಪುಟಾಣಿ ಎಲೆ ಬಿಟ್ಕೊಂಡು ಒಂದೊಂದು ಮರಿ ಸಾಲಾಗಿ ಕೂತಿರುತ್ತೆ, ಕಣ್ಣು ಹತ್ರ ಹಿಡಿದು ನೋಡಿದ್ರೆ ತಾಯಿ ಎಲೆ ಮೇಲಿದ್ದಾಗ್ಲೇ ಕೂದಲೆಳೆಯಷ್ಟು ಬೇರೂ ಬಂದಿರುತ್ತೆ. ಮುಟ್ಟಿದ್ರೆ ಸಾಕು, ಉದುರುತ್ತೆ. ಇದನ್ನ ನೆಡೋದು ಅಂತೇನಿಲ್ಲ, ಹೂಳಿದ್ರೆ ಕೊಳೆಯುತ್ತೆ, ಮರಳು ಜಾಸ್ತಿ ಇರೋ ಮಣ್ಣಿನ ಮೇಲೆ ಉದುರಿಸಿ, ಒಂದು ಸ್ಪ್ರೇ ನೀರು ಹೊಡೆದು, ಬೆಳಕಿರೋ ಕಡೆ ಇಟ್ಟು ಮರ್ತುಬಿಡಬೇಕು.

ನಮ್ಮನೇಲಿ ಮರೆಯೋರು ಯಾರು? ಕುಂಡದ ಮಣ್ಣಿಗೆ ಹಾಕೋಕೆ ಅಂತ ಆನ್‌ಲೈನಲ್ಲಿ 5 ಕೆಜಿ ಕೋಕೋಪೀಟ್ ಇಟ್ಟಿಗೆ ಬಂತು. ಅದನ್ನ ಸ್ನಾನದ ಬಕೆಟ್ಟಲ್ಲಿ ನೆನೆಸಿಟ್ಟು ಹೆಂಡ್ತಿ ಸೀರಿಯಲ್ ನೋಡೋಕೆ ಕೂತ್ಲು, ಅದು ಉಬ್ಬಿ ಉಬ್ಬಿ ಬಕೆಟ್ ದಾಟಿ ನೆಲಕ್ಕಿಳಿದು ನೀರು ಹೋಗೋ ಜಾಲರಿ ಕಟ್ಕೊಂಡು ಬಾತ್‌ರೂಮೆಲ್ಲಾ ಕೆಂಪು ನೀರು. ಅವತ್ತೇ ಗುಬ್ಬಿಯಿಂದ ಮಾವ ಬರಬೇಕಾ! ಪಂಚೆ ಎತ್ತಿ ಕಟ್ಕೊಂಡು ಬಾಗ್ಲಲ್ಲಿ ನಿಂತು, ಒಂದು ಚಿಟಿಕೆ ಎತ್ತಿ, ಉಜ್ಜಿ, ಮೂಸಿ ನೋಡಿದ್ರು.

"ಇದು ತೆಂಗಿನ ನಾರಿನ ಪುಡಿ ಅಲ್ವೇ ಅಳಿಯಂದ್ರೇ?"

"ಹೌದು ಮಾವ."

"ದುಡ್ಡು ಕೊಟ್ರಾ?"

ತೋಟದಲ್ಲಿ ಸುಲಿದ ಮಟ್ಟೆ ರಾಶಿ ಬಿದ್ದಿರೋ ಮನುಷ್ಯನಿಗೆ ಏನಂತ ಹೇಳೋದು, ಕಾಫಿ ತರ್ತೀನಿ ಅಂತ ಒಳಗೆ ಹೋದೆ.

ಆಮೇಲೆ ಶುರುವಾಯ್ತು ನೋಡಿ. ಕರಿಬೇವಿನ ಕುಂಡದಲ್ಲಿ ಮರಿ, ದೊಡ್ಡಪತ್ರೆ ಕುಂಡದಲ್ಲಿ ಮರಿ, ಕಿಟಕಿ ಸಂದಿ ಧೂಳಲ್ಲೂ ಮರಿ. ಬಾಲ್ಕನಿಯಿಂದ ಕೆಳಗುದುರಿ ಓನರ್ ಆಂಟಿ ತುಳಸಿಕಟ್ಟೆ ಸೇರ್ಕೊಂಡ್ವು. "ಏನ್ರೀ ಇದು, ತುಳಸಮ್ಮಂಗಿಂತ ಇವೇ ಜಾಸ್ತಿ ಆಗೋದ್ವಲ್ರೀ" ಅಂತ ಆಂಟಿ ಕೈಲಿ ಗಂಟೆ ಹಿಡ್ಕೊಂಡೇ ಕೂಗಿದ್ರು.

ಪಕ್ಕದ್ಮನೆ ರಿಟೈರ್ಡ್ ಮೇಷ್ಟ್ರದು ಬೇರೇನೇ ಕಥೆ. ಅವರಿಗೆ ಕಿಡ್ನಿ ಸ್ಟೋನು, ಯಾರೋ ಕಾಡುಬಸಳೆ ಎಲೆ ತಿನ್ನಿ ಅಂದಿದಾರೆ, ಒಂದಿನ ಬೆಳಬೆಳಗ್ಗೆ ನೋಡಿದ್ರೆ ಮೆಟ್ಲ ಮೇಲಿದ್ದ ನಮ್ಮ ಗಿಡದ ಎಲೆ ಅವರ ಕೈಲಿದೆ. ಬಾಯಲ್ಲಿ ಬ್ರಶ್ ಇಟ್ಕೊಂಡೇ ಓಡ್ದೆ. "ಮೇಷ್ಟ್ರೇ, ಇದು ಕಾಡುಬಸಳೆ ಅಲ್ಲ, ಅದರ ಕಸಿನ್ನು, ಇಬ್ರೂ ಮಡಗಾಸ್ಕರ್ ಕಡೆಯೋರು, ಇದರಲ್ಲಿ ಹಾರ್ಟಿಗೆ ಹೊಡೆಯೋ ವಿಷ ಇದೆ!"

"ಹುಳಿ ಇದ್ರೆ ಕಾಡುಬಸಳೆ ಅಂತಪ್ಪ, ಒಂಚೂರು ಕಚ್ಚಿ ನೋಡ್ತೀನಿ."

ಹುಳಿ ನಂಬ್ಕೊಂಡು ಕೂತ್ರೆ ಆಗಲ್ಲ ಅಂತ ಅಲ್ಲೇ ಪಾಠ ಮಾಡ್ದೆ, ಮೇಷ್ಟ್ರಿಗೇ. ಲಾಲ್‌ಬಾಗ್ ನೋಡ್ಕೊಂಡಿದ್ದ ಬೆಂಜಮಿನ್ ಹೈನ್ ಅನ್ನೋ ಸಸ್ಯಶಾಸ್ತ್ರಜ್ಞ ಕಾಡುಬಸಳೆ ಎಲೆ ಅಗಿದು ನೋಡಿ ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ಕಹಿ ಅಂತ ಕಾಗದ ಬರೆದಿದ್ದು 1815ರಲ್ಲಿ ಲಂಡನ್ನಲ್ಲಿ ಅಚ್ಚಾಗಿದೆ, ಈ ಜಾತಿ ಗಿಡಗಳು ರಾತ್ರಿ ಹೊತ್ತು ಗಾಳಿ ಎಳ್ಕೊಂಡು ಆಸಿಡ್ ಮಾಡಿಟ್ಕೊಂಡು ಹಗಲು ಖರ್ಚು ಮಾಡ್ತಾವೆ, ಅದಕ್ಕೇ ಬೆಳಗ್ಗೆ ಇದೂ ಹುಳೀನೇ ಇರುತ್ತೆ ಅಂತ. ಮೇಷ್ಟ್ರು ಎಲ್ಲಾ ತಲೆದೂಗಿ ಕೇಳಿ, "ಹಂಗಾದ್ರೆ ಸಂಜೆ ಬರ್ತೀನಿ" ಅಂದ್ರು. ಕುಂಡಾನ ಮೆಟ್ಲಿಂದ ಎತ್ತಿ ಒಳಗಿಟ್ಟೆ.

ಎಲ್ಲಾ ತಗೊಂಡೋಗಿ ಮಾವನ ತೋಟಕ್ಕೆ ಸುರಿಯೋಣ ಅನ್ಕೊಂಡ್ರೆ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಲ್ಲಿ ಇದರ ಹತ್ರದ ನೆಂಟ ಮದರ್ ಆಫ್ ಮಿಲಿಯನ್ಸ್ ಅನ್ನೋ ಗಿಡಾನ ಕಳೆ ಅಂತ ಡಿಕ್ಲೇರ್ ಮಾಡಿದಾರೆ, ದನಕ್ಕೂ ಆಗಲ್ಲ ಅಂತ ನಾನೇ ಬಾಯಿ ಬಿಟ್ಟಿದ್ದು ಕೇಳಿ ಮಾವ, "ನಮ್ಮ ಸೀಮೆ ಕಡೆ ತರಬ್ಯಾಡಿ" ಅಂದುಬಿಟ್ರು.

ಕೊನೆಗೆ ಭಾನುವಾರ ಕೂತು ಎಲೆಯಂಚಿಂದ ಒಂದೊಂದೇ ಕಿತ್ತು ಕವರ್ ತುಂಬಿ, ಕಸದ ಗಾಡಿ ಬಂದಾಗ ಕೊಟ್ಟೆ. ಗಾಡಿಯಮ್ಮ ಕವರ್ ಬಿಚ್ಚಿ ನೋಡಿ, "ಐ, ಚೆನ್ನಾಗವಲ್ಲ ಸಾ, ಎರಡು ಮನೇಗ್ ಇಕ್ಕೊಳ್ಳಾ?" ಅಂದ್ರು.

ನಾನು ಬೇಡ ಕಣಮ್ಮ ಅನ್ನೋಷ್ಟರಲ್ಲಿ ಮೇಲಿಂದ ಹೆಂಡ್ತಿ ಕೂಗಿದ್ಲು, "ಎರಡೇನು, ನಾಕು ತಗೊಳ್ಳಿ! ಮಣ್ಣಿಗೆ ಹಾಕೋಕೆ ಕೋಕೋಪೀಟೂ ಕೊಡ್ತೀನಿ ಇರಿ!"