ಎದುರು ಮನೆಯವರನ್ನು ಕೇಳಿಕೊಳ್ಳಿ ಅನ್ನುವ ಹಾಗಿಲ್ಲ

ದಸರಾ ರಜಕ್ಕೆ ಊರಿಗೆ ಹೊರಡುವ ತಯಾರಿಯಲ್ಲಿದ್ದಾಗಲೇ ಅಂಚೆ ಡಬ್ಬಿಯಲ್ಲಿ ಒಂದು ಸರ್ಕಾರಿ ಲಕೋಟೆ ಬಿದ್ದಿತ್ತು. ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿ ಸರ್ಕಾರದ ಲಕೋಟೆ ಕಂಡರೆ ಎಂಥವರಿಗೂ ಒಮ್ಮೆ ಎದೆ ಧಸಕ್ ಅನ್ನುತ್ತದೆ. ಒಡೆದು ನೋಡಿದರೆ ತೆರಿಗೆಯದೂ ಅಲ್ಲ, ಪಾರ್ಕಿಂಗ್ ದಂಡದ್ದೂ ಅಲ್ಲ. ಮಿಕ್ರೋಟ್ಸೆನ್ಸುಸ್ ಅನ್ನುವ ಸಮೀಕ್ಷೆಗೆ ನಾವಿರುವ ಕಟ್ಟಡ ಆಯ್ಕೆಯಾಗಿದೆಯಂತೆ. ಉತ್ತರ ಕೊಡುವುದು ಕಾನೂನಿನ ಪ್ರಕಾರ ಕಡ್ಡಾಯ. ಕೊಡದಿದ್ದರೆ ದಂಡ.

ನನಗೆ ಸ್ವಲ್ಪ ಉರಿಯಿತು. ಫೋನ್ ಮಾಡಿದೆ. ‘ನೋಡಿ, ನಾನು ಹೊರಗಿನವನು, ಊರಿಗೆ ಹೊರಟಿದ್ದೀನಿ. ಎದುರು ಬೀದಿಯಲ್ಲಿ ಇಲ್ಲೇ ಹುಟ್ಟಿ ಬೆಳೆದವರು ಬೇಕಾದಷ್ಟು ಜನ ಇದ್ದಾರೆ, ಅವರನ್ನು ಕೇಳಿಕೊಳ್ಳಿ’ ಅಂದೆ. ಆ ಕಡೆಯ ಹೆಂಗಸು ಬೇಜಾರಿಲ್ಲದೆ ಕೇಳಿಸಿಕೊಂಡಳು. ‘ನಿಮ್ಮ ಬದಲಿಗೆ ಇನ್ನೊಬ್ಬರನ್ನು ಹಾಕಿಕೊಳ್ಳಲು ಬರುವುದಿಲ್ಲ. ಊರಿಂದ ಬಂದ ಮೇಲೆ ಆನ್‌ಲೈನ್‌ನಲ್ಲಿ ತುಂಬಿ, ಪರವಾಗಿಲ್ಲ’ ಅಂದಳು. ಟೈಮ್ ಕೊಟ್ಟಳು, ವಿನಾಯಿತಿ ಕೊಡಲಿಲ್ಲ.

ಇದು 1957ರಿಂದ ಇಲ್ಲಿ ನಡೆದುಬಂದಿರುವ ಪದ್ಧತಿ. ಪ್ರತಿ ವರ್ಷ ನೂರಕ್ಕೆ ಒಂದು ಮನೆಯನ್ನು ಕೇಳುತ್ತಾರೆ. ಎಷ್ಟು ಜನ ಇದ್ದೀರಿ, ಏನು ಓದಿದ್ದೀರಿ, ಎಲ್ಲಿ ಕೆಲಸ, ಎಷ್ಟು ಸಂಬಳ, ಬಾಡಿಗೆ ಎಷ್ಟು. ಆರಿಸುವುದು ಮನುಷ್ಯರನ್ನಲ್ಲ, ವಿಳಾಸವನ್ನು. ದೊಡ್ಡ ಕಟ್ಟಡವಾದರೆ ಅದರ ಒಂದು ಭಾಗ, ಸಣ್ಣ ಮನೆಗಳಾದರೆ ಅಕ್ಕಪಕ್ಕದ ಕೆಲವು ಸೇರಿಸಿ ಒಂದು ಗುಂಪು. ಇಡೀ ದೇಶವನ್ನು ಇಂಥ ಗುಂಪುಗಳಾಗಿ ಕತ್ತರಿಸಿಟ್ಟು, ಅದರಲ್ಲಿ ಯಾವುದು ಅಂತ ಗಣಿತದ ಲೆಕ್ಕದಲ್ಲಿ ಚೀಟಿ ಎತ್ತುತ್ತಾರೆ. ಗುಂಪು ಬಂತೋ, ಒಳಗಿರುವವರೆಲ್ಲ ಸಿಕ್ಕಿಬಿದ್ದರು. ಒಂದು ಸಲಕ್ಕೆ ಮುಗಿಯುವುದೂ ಇಲ್ಲ, ನಾಲ್ಕು ಸಲದವರೆಗೆ ಕೇಳುತ್ತಾರೆ. ನಡುವೆ ಮನೆ ಖಾಲಿ ಮಾಡಿದರೆ ನಾನು ಪಾರು, ಆದರೆ ಆ ಮನೆಗೆ ಹೊಸದಾಗಿ ಬಂದ ಬಾಡಿಗೆಯವನು ಉತ್ತರ ಕೊಡಬೇಕು. ನಮ್ಮ ಕೆಳಗಿನ ಮನೆಯ ಅಜ್ಜಿಗೆ 80 ದಾಟಿದೆ. ವಯಸ್ಸಾಯಿತು ಅಂತ ಆಕೆಯನ್ನೂ ಬಿಟ್ಟಿಲ್ಲ. ಆಕೆ ಫೋನಿನಲ್ಲೇ ಉತ್ತರ ಹೇಳಿ ಮುಗಿಸಿದಳು. ಮಾತಾಡಲು ಜನ ಸಿಕ್ಕ ಖುಷಿಯೇ ಜಾಸ್ತಿ ಇದ್ದ ಹಾಗಿತ್ತು.

ಮೊದಲು ಇದೆಂಥ ಹಟ ಅನ್ನಿಸಿತು. ವಿಮಾನದಲ್ಲಿ ಕೂತು ಯೋಚಿಸಿದರೆ ಹಟಕ್ಕೆ ಕಾರಣ ಕಾಣುತ್ತದೆ. ಊರಿಗೆ ಹೋಗುವವರನ್ನು ಬಿಟ್ಟರು ಅನ್ನಿ. ವಯಸ್ಸಾದವರನ್ನು ಬಿಟ್ಟರು. ಭಾಷೆ ಬರದವರನ್ನು, ರಾತ್ರಿ ಪಾಳಿಯವರನ್ನು ಬಿಟ್ಟರು. ಉಳಿಯುವವರು ಯಾರು? ಸಂಜೆ ಆರಕ್ಕೆ ಮನೆಯಲ್ಲಿ ಸಿಗುವ, ಮಾತಿಗೆ ಬಿಡುವಿರುವ, ಜರ್ಮನ್ ಚೆನ್ನಾಗಿ ಬರುವ ಸಂಸಾರಸ್ಥರು. ಅವರನ್ನು ಕೇಳಿ ಬರೆದ ಲೆಕ್ಕದಲ್ಲಿ ನನ್ನಂಥವನು ಇರುವುದೇ ಇಲ್ಲ. ಒಂದು ಸಾವಿರದ ಬದಲು ಹತ್ತು ಸಾವಿರ ಜನರನ್ನು ಹಾಗೇ ಕೇಳಿದರೂ ಈ ಕೊರತೆ ತುಂಬುವುದಿಲ್ಲ. ತಪ್ಪು ಲೆಕ್ಕಕ್ಕೆ ಧೈರ್ಯ ಮಾತ್ರ ಜಾಸ್ತಿ ಬರುತ್ತದೆ. ಸ್ಯಾಂಪಲ್, ಅಂದರೆ ಎಲ್ಲರ ಬದಲು ಕೆಲವರನ್ನೇ ಎತ್ತಿ ಕೇಳುವುದು, ಅನ್ನುವುದರ ಜೀವ ಇರುವುದು ಯಾರೂ ತಮಗೆ ಬೇಕಾದವರನ್ನು ಆರಿಸದೇ ಇರುವುದರಲ್ಲಿ. ಕೇಳುವವನೂ ಆರಿಸಬಾರದು, ಹೇಳುವವನೂ ತಪ್ಪಿಸಿಕೊಳ್ಳಬಾರದು.

ಈಗ ನಮ್ಮ ಕಡೆಗೆ ಬನ್ನಿ.

ನನ್ನ ಸೋದರತ್ತೆ ಮಗ ಡಿಗ್ರಿ ಮುಗಿಸಿ ಕೆಲಸ ಹುಡುಕುವಾಗ ಬೆಂಗಳೂರಿನ ಒಂದು ಖಾಸಗಿ ಕಂಪನಿಗೆ ಸರ್ವೇ ಮಾಡಿಕೊಡುತ್ತಿದ್ದ. ಒಂದು ಫಾರಂಗೆ ಇಷ್ಟು ಅಂತ ದುಡ್ಡು. ಕೈಗೆ ವಿಳಾಸಗಳ ಪಟ್ಟಿ ಕೊಡುತ್ತಿದ್ದರು. ಅಪಾರ್ಟ್‌ಮೆಂಟಾದರೆ ವಾಚ್‌ಮನ್ ಒಳಗೆ ಬಿಡುವುದಿಲ್ಲ. ಬೀದಿ ಮನೆಯಾದರೆ ಬೀಗ, ಇಲ್ಲವಾದರೆ ನಾಯಿ. ಮತ್ತೆ ಫಾರಂ ಹೇಗೆ ತುಂಬುತ್ತಿದ್ದೆ ಅಂತ ಕೇಳಿದೆ. ‘ಅದಕ್ಕೇನಣ್ಣ, ಮೂಲೆ ಅಂಗಡೀಲಿ ಟೀ ಕುಡಿಯೋರು ಇರ್ತಾರಲ್ಲ. ಎಲ್ಲಾ ಅದೇ ಏರಿಯಾದೋರೇ. ಯಾರಾದ್ರೇನು?’ ಅಂದ. ಅವನ ಮುಖದಲ್ಲಿ ಅಳುಕೇ ಇರಲಿಲ್ಲ. ಸೂಪರ್‌ವೈಸರ್ ಕೂಡ ‘ಅಡ್ಜಸ್ಟ್ ಮಾಡ್ಕೊಂಡು ಸಂಖ್ಯೆ ಮುಟ್ಟಿಸು’ ಅಂದಿದ್ದನಂತೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಟೀ ಅಂಗಡಿಯಲ್ಲಿ ಸಿಗುವವರು ಯಾರು ಅಂತ ನೀವೇ ಯೋಚಿಸಿ. ಅವರಲ್ಲಿ ಹೆಂಗಸರು ಎಷ್ಟು ಮಂದಿ?

ಊರಲ್ಲಿ ಚಿಕ್ಕಪ್ಪನದು ಇನ್ನೊಂದು ಕಥೆ. ಹರಿಹರದ ಹತ್ತಿರ, ಭದ್ರಾ ನಾಲೆ ನೀರಿನ ಗದ್ದೆ. ಬೆಳೆ ವಿಮೆಗೆ ಇಳುವರಿ ಗೊತ್ತಾಗಬೇಕಲ್ಲ, ಅದಕ್ಕೆ ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ. ಮುಖ್ಯ ಬೆಳೆಯಾದರೆ ಒಂದು ಪಂಚಾಯಿತಿಗೆ ನಾಲ್ಕು ಕಡೆ. ಯಾವ ಸರ್ವೆ ನಂಬರ್ ಅನ್ನುವುದು ಮೇಲಿಂದಲೇ ಬರುತ್ತದೆ. ಗದ್ದೆಯೊಳಗೆ ಯಾವ ಜಾಗ ಅನ್ನುವುದಕ್ಕೂ ಎರಡು ಅಂಕಿ ಇರುತ್ತವೆ. ನೈಋತ್ಯದ ಮೂಲೆಯಲ್ಲಿ ನಿಂತು ಉದ್ದಕ್ಕೆ ಇಷ್ಟು, ಅಡ್ಡಕ್ಕೆ ಇಷ್ಟು ಹೆಜ್ಜೆ ಹಾಕಬೇಕು. ಅಲ್ಲಿಂದ ಐದು ಮೀಟರ್‌ಗೆ ಐದು ಮೀಟರ್ ಹಗ್ಗ ಕಟ್ಟಿ, ಅಷ್ಟನ್ನೇ ಕೊಯ್ದು, ಬಡಿದು, ತೂಗಬೇಕು. ಕಾಗದದ ಮೇಲೆ ಇದಕ್ಕಿಂತ ಚೊಕ್ಕ ಪದ್ಧತಿ ಜರ್ಮನಿಯಲ್ಲೂ ಸಿಗಲಿಕ್ಕಿಲ್ಲ.

ಗದ್ದೆಯಲ್ಲಿ ಆಗುವುದು ಬೇರೆ. ಅಂಕಿಯ ಪ್ರಕಾರ ಹೋದರೆ ಜಾಗ ಕೆಸರಿನ ನಡುವೆ ಬರುತ್ತದೆ. ಬಂದವರಿಗೆ ಬದುವಿನ ಪಕ್ಕದಲ್ಲೇ ಮುಗಿಸುವ ಆಸೆ. ರೈತರಿಗೆ ಜೊಳ್ಳು ಬಿದ್ದ ಮೂಲೆಯಲ್ಲಿ ಕೊಯ್ಯಿಸುವ ಆಸೆ. ಇಳುವರಿ ಕಡಿಮೆ ತೋರಿಸಿದರೆ ತಾನೇ ವಿಮೆ ಬರುವುದು! ವಿಮೆಯವರ ಕಡೆಯ ಹುಡುಗನಿಗೆ ತೆನೆ ತೂಗುವ ಜಾಗವೇ ಚೆಂದ. ಮೂವರೂ ಬದುವಿನ ಮೇಲೆ ನಿಂತು ಚೌಕಾಸಿ ಮಾಡಿ ಒಂದು ಜಾಗಕ್ಕೆ ಒಪ್ಪುತ್ತಾರೆ. ‘ಎಲ್ಲರಿಗೂ ಸಮಾಧಾನ ಆಯ್ತಲ್ಲ, ಇನ್ನೇನು?’ ಅಂತಾನೆ ಚಿಕ್ಕಪ್ಪ. ಸಮಾಧಾನ ಆಯಿತು ಚಿಕ್ಕಪ್ಪ, ಸರಿ. ಆದರೆ ಎಲ್ಲರೂ ಸೇರಿ ಒಪ್ಪಿದ ಜಾಗ ಗದ್ದೆಯ ಬಗ್ಗೆ ಏನೂ ಹೇಳುವುದಿಲ್ಲ. ಒಪ್ಪಿದವರ ಬಗ್ಗೆ ಹೇಳುತ್ತದೆ, ಅಷ್ಟೆ.

ನನಗೆ ನಮ್ಮವರ ಮೇಲೆ ಸಿಟ್ಟು ಬರುವುದು ಇಲ್ಲೇ. ಹೊಂದಿಕೊಂಡು ಹೋಗುವುದು ನಮ್ಮ ದೊಡ್ಡ ಗುಣ. ಬಸ್ಸಿನ ಸೀಟಿನಲ್ಲಿ ನಾಲ್ಕನೆಯವನನ್ನು ಕೂರಿಸಿಕೊಳ್ಳುವಾಗ ಅದು ಚೆಂದ. ಎಣಿಕೆಗೆ ಅದು ವಿಷ. ಈ ಮನೆ ಸಿಗದಿದ್ದರೆ ಆ ಮನೆ, ಅತ್ತೆ ಇಲ್ಲದಿದ್ದರೆ ಸೊಸೆ, ಸೊಸೆ ನಾಚಿಕೊಂಡರೆ ಪಕ್ಕದ ಮನೆ ಮೇಷ್ಟ್ರು.

ಇನ್ನೊಂದು ಕಡೆ, ಸ್ಯಾಂಪಲ್ ಅಂದರೆ ನಮ್ಮವರಿಗೆ ನಂಬಿಕೆಯೂ ಇಲ್ಲ. ದಾವಣಗೆರೆಯಲ್ಲಿ ಊಟ ಮುಗಿಸಿ ಕೂತಿದ್ದಾಗ ಭಾವ ಶುರು ಮಾಡಿದರು. 2022-23ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆಖರ್ಚಿನ ಲೆಕ್ಕ ತೆಗೆದರಲ್ಲ, ಅದರ ವಿಷಯ. ‘2,61,746 ಮನೆ ಕೇಳಿ ಇಡೀ ದೇಶದ ಖರ್ಚು ಹೇಳ್ತಾರಂತೆ. ನಮ್ಮನೆಗೆ ಯಾರು ಬಂದಿದ್ರು ಹೇಳು? ನಮ್ಮ ಬೀದಿಗೇ ಯಾರೂ ಬಂದಿಲ್ಲ.’ ಸಾವಿರ ಮನೆಗೆ ಒಂದರ ಲೆಕ್ಕವೂ ಬೀಳುವುದಿಲ್ಲ ಭಾವ, ನಿಮ್ಮನೆಗೆ ಬರದಿರುವುದೇ ಸಹಜ ಅಂದೆ. ಕೇಳಲಿಲ್ಲ. ನಮ್ಮಲ್ಲಿ ಎಣಿಕೆಯಿಂದ ಬಿಟ್ಟುಹೋಗುವುದು ಮದುವೆ ಕರೆಯೋಲೆ ತಪ್ಪಿದ ಹಾಗೆ. ಊಟದ ಆಸೆಗಲ್ಲ, ಕರೆಯಲಿಲ್ಲವಲ್ಲ ಅನ್ನುವ ನೋವು.

ಹಾಗಂತ ಎಲ್ಲರ ಮನೆಗೂ ಬಂದರೆ ಬಾಗಿಲು ತೆಗೆಯುತ್ತಾರಾ? 2025ರ ಸೆಪ್ಟೆಂಬರ್ 22ರಂದು ಕರ್ನಾಟಕದಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. 60 ಪ್ರಶ್ನೆ. ಕರೆಂಟ್ ಮೀಟರ್ ಆಧಾರದಲ್ಲಿ ಮನೆಮನೆಗೂ ಸ್ಟಿಕರ್. ಪಾಪ, ಮೇಷ್ಟ್ರುಗಳು ದಸರಾ ರಜೆಯನ್ನೆಲ್ಲ ಬೀದಿಯಲ್ಲೇ ಕಳೆದರು. ಯಾರನ್ನೂ ಬಲವಂತ ಮಾಡುವಂತಿಲ್ಲ ಅಂತ ಹೈಕೋರ್ಟ್ ಹೇಳಿತು. ಗಡುವು ಮುಂದಕ್ಕೆ ಹೋಯಿತು. ಬೆಂಗಳೂರಿನಲ್ಲಂತೂ ಎಷ್ಟೋ ಬಾಗಿಲು ತೆರೆಯಲೇ ಇಲ್ಲ. ಅದೇ ಭಾವ, ‘ಬಂದಿದ್ರು, ಆಮೇಲೆ ಬನ್ನಿ ಅಂದೆ’ ಅಂದರು. ಬರಲಿಲ್ಲ ಅಂತಲೂ ಬೇಜಾರು, ಬಂದರೂ ಬೇಜಾರು. ಸಮೀಕ್ಷೆ ಸರಿಯೋ ತಪ್ಪೋ ಅನ್ನುವ ಜಗಳ ನನಗೆ ಬೇಡ. ನನ್ನ ತಕರಾರು ಇಷ್ಟೇ. ತಾವಾಗಿ ಬಾಗಿಲು ತೆಗೆದವರನ್ನು ಮಾತ್ರ ಎಣಿಸಿದರೆ, ಅದು ಕೋಟಿ ಮನೆಯ ಲೆಕ್ಕವಾದರೂ ಒಂದು ದೊಡ್ಡ ಟೀ ಅಂಗಡಿಯ ಲೆಕ್ಕವೇ. ಜರ್ಮನಿಯ ನೂರಕ್ಕೆ ಒಂದನ್ನು ನಾನು ಅದಕ್ಕಿಂತ ಜಾಸ್ತಿ ನಂಬುತ್ತೇನೆ.

ಇಷ್ಟು ಹೇಳಿದ ಮೇಲೆ ಜರ್ಮನ್ನರ ಬಣ್ಣವನ್ನೂ ಹೇಳಬೇಕಲ್ಲ. ಇವರು ಹುಟ್ಟಾ ಹೀಗೆ ಶಿಸ್ತಿನವರೇನಲ್ಲ. 1983ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮನೆಮನೆ ಜನಗಣತಿ ಮಾಡಲು ಹೊರಟಾಗ ಜನ ಬೀದಿಗಿಳಿದರು, ಬಹಿಷ್ಕಾರ ಹಾಕಿದರು. ಸರ್ಕಾರ ಪಟ್ಟಿ ಇಟ್ಟುಕೊಂಡರೆ ಏನಾಗುತ್ತದೆ ಅನ್ನುವುದು ಹಿಟ್ಲರನ ಕಾಲ ಕಂಡವರಿಗೆ ಹೇಳಿಕೊಡಬೇಕಿರಲಿಲ್ಲ. ಅವರ ಸಾಂವಿಧಾನಿಕ ಕೋರ್ಟು ಗಣತಿಯನ್ನು ತಡೆಯಿತು. ಆಮೇಲೆ ಕಾನೂನು ತಿದ್ದಿ 1987ರಲ್ಲಿ ಮಾಡಿದರು. ಎಲ್ಲರ ಬಾಗಿಲಿಗೂ ಹೋದದ್ದು ಅದೇ ಕೊನೆ.

2011ರಲ್ಲಿ ಹೊಸ ದಾರಿ ಹಿಡಿದರು. ಇಲ್ಲಿ ಊರಿಗೆ ಬಂದವರು, ಬಿಟ್ಟವರು ಪಟ್ಟಣದ ಕಚೇರಿಯಲ್ಲಿ ಹೆಸರು ಬರೆಸಬೇಕು. ಆ ಪಟ್ಟಿಗಳನ್ನೇ ಹಿಡಿದು ಎಣಿಸಿದರು. ಸುಮಾರು ಹತ್ತರಲ್ಲಿ ಒಬ್ಬರ ಬಾಗಿಲಿಗೆ ಮಾತ್ರ ಹೋಗಿ, ಪಟ್ಟಿಯಲ್ಲಿರುವವರು ನಿಜಕ್ಕೂ ಇದ್ದಾರಾ ಅಂತ ನೋಡಿದರು. ಲೆಕ್ಕ ಮುಗಿದಾಗ ದೇಶದಲ್ಲಿ ಅಂದುಕೊಂಡಿದ್ದಕ್ಕಿಂತ 15 ಲಕ್ಷ ಜನ ಕಡಿಮೆ! ಅದರಲ್ಲಿ ಸುಮಾರು 11 ಲಕ್ಷ ವಿದೇಶಿಯರು. ವಾಪಸ್ ಹೋಗುವಾಗ ಹೆಸರು ತೆಗೆಸದೆ ಹೋದವರು. ನಮ್ಮ ಕನ್ನಡ ಬಳಗದ ಒಬ್ಬ ಗೆಳೆಯ ಬೆಂಗಳೂರಿಗೆ ಮರಳಿ, ಮನೆ ಕಟ್ಟಿ, ಗೃಹಪ್ರವೇಶ ಮುಗಿಸಿದ ಮೇಲೂ ಇಲ್ಲಿಯ ಪಟ್ಟಿಯಲ್ಲಿ ವಾಸವಾಗಿದ್ದ. ಬರ್ಲಿನ್ ಒಂದರಲ್ಲೇ 1,80,000 ಜನ ಕಡಿಮೆಯಾದರು. ತಲೆ ಲೆಕ್ಕದ ಮೇಲೆ ಬರುವ ದುಡ್ಡೂ ಕಡಿಮೆಯಾಯಿತು. ಬರ್ಲಿನ್, ಹ್ಯಾಂಬರ್ಗ್ ಎರಡೂ ಕೋರ್ಟಿಗೆ ಹೋದವು. ಸ್ಯಾಂಪಲ್ ಹಿಡಿದು ಸರಿಪಡಿಸಿದ ಲೆಕ್ಕ ಸರಿ ಅಂತ 2018ರಲ್ಲಿ ತೀರ್ಪು ಬಂತು. 2022ರ ಗಣತಿಯಲ್ಲಿ ಮತ್ತೆ ಸುಮಾರು 14 ಲಕ್ಷ ಕಡಿಮೆ. ಅಂದರೆ ಹತ್ತು ವರ್ಷದಲ್ಲಿ ಪಟ್ಟಿ ಮತ್ತೆ ಕೆಟ್ಟಿತ್ತು. ದಂಡ, ಕಾನೂನು, ಅಚ್ಚುಕಟ್ಟು ಎಲ್ಲ ಇರುವ ದೇಶದ ಪಾಡಿದು.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಹೇಳಲು ಮನಸ್ಸಿರಲಿಲ್ಲ, ನನ್ನ ವಾದ ಸಡಿಲವಾಗುತ್ತದೆ. ಆಫೀಸಿನಲ್ಲಿ ಈ ಸಮೀಕ್ಷೆಯ ಬಗ್ಗೆ ಗೊಣಗುತ್ತಿದ್ದಾಗ ಸಂಖ್ಯಾಶಾಸ್ತ್ರ ಓದಿದ ಒಬ್ಬ ಜರ್ಮನ್ ಸಹೋದ್ಯೋಗಿ ನಕ್ಕ. ‘ಇದನ್ನೆಲ್ಲ ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದವರು ನಿಮ್ಮವರೇ ಅಲ್ಲವಾ?’ ಅಂದ. ನಮ್ಮ ದೇಶದ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಹೆಸರು ಅವನಿಗೆ ಗೊತ್ತಿತ್ತು. ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹೆಸರಂತೂ ಅವನ ಪಾಠದ ಪುಸ್ತಕದಲ್ಲೇ ಇತ್ತಂತೆ. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ, ಅದು ಮಲ್ಲಿಗೆಯ ಊರು ಅಂತ ಹೇಳಿ ನಾನು ಎರಡು ನಿಮಿಷ ಮೆರೆದೆ.

ಮಹಾಲನೋಬಿಸ್ 1937ರಿಂದ ಬಂಗಾಳದ ಸೆಣಬಿನ ಹೊಲಗಳನ್ನು ಸ್ಯಾಂಪಲ್ ಹಿಡಿದು ಅಳೆಯಲು ಶುರು ಮಾಡಿದರು. ಮುಂದೆ ಅವರ ಲೆಕ್ಕ ಹೊಲಹೊಲ ಸುತ್ತಿದ ಸರ್ಕಾರದ ಪೂರ್ತಿ ಎಣಿಕೆಗಿಂತ ವ್ಯಾಪಾರದ ಲೆಕ್ಕಕ್ಕೆ ಹತ್ತಿರ ಬಂತು. ಖರ್ಚೂ ಎಷ್ಟೋ ಕಡಿಮೆ. ನನಗೆ ಹೆಚ್ಚು ಇಷ್ಟವಾಗುವುದು ಅವರ ಇನ್ನೊಂದು ಉಪಾಯ. ಒಂದೇ ಪ್ರದೇಶಕ್ಕೆ ಎರಡು ಬೇರೆ ಬೇರೆ ಸ್ಯಾಂಪಲ್ ಎತ್ತಿ, ಎರಡು ಬೇರೆ ತಂಡಗಳನ್ನು ಕಳಿಸುವುದು. ಇವರ ಲೆಕ್ಕ ಅವರ ಲೆಕ್ಕಕ್ಕೆ ತಾಳೆಯಾಗದಿದ್ದರೆ ಎಲ್ಲೋ ಎಡವಟ್ಟಾಗಿದೆ ಅಂತ ಅರ್ಥ. ಟೀ ಅಂಗಡಿಯಲ್ಲಿ ಫಾರಂ ತುಂಬುವ ನಮ್ಮ ಹುಡುಗರನ್ನು ಅವರು ಆಗಲೇ ಕಂಡಿದ್ದರು ಅಂತ ಕಾಣುತ್ತದೆ. ಜನ ಬದಲಾಗಲಿ ಅಂತ ಕಾಯದೆ ಪದ್ಧತಿಯಲ್ಲೇ ಬಲೆ ಇಟ್ಟರು. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೂ ಈ ಪದ್ಧತಿ ಬಂತು.

ಭಾವ ಬೈದ ಆ ಖರ್ಚಿನ ಸಮೀಕ್ಷೆಯೂ ಕುರುಡಾಗಿ ನಡೆದದ್ದಲ್ಲ. ಮೊದಲು ಹಳ್ಳಿಗಳನ್ನು, ಪೇಟೆಯ ಬ್ಲಾಕುಗಳನ್ನು ಆರಿಸಿದರು. ಅಲ್ಲಿಯ ಮನೆಗಳ ಪಟ್ಟಿ ಮಾಡಿದರು. ಹಳ್ಳಿಯಲ್ಲಿ ಜಮೀನು ಎಷ್ಟಿದೆ, ಪೇಟೆಯಲ್ಲಿ ಕಾರು ಇದೆಯಾ ಅಂತ ನೋಡಿ ಗುಂಪು ಮಾಡಿ, ಪ್ರತಿ ಗುಂಪಿನಿಂದಲೂ ಮನೆ ಎತ್ತಿದರು. ಹಾಗೆ ಮಾಡದಿದ್ದರೆ ಸಾಹುಕಾರರು ಲೆಕ್ಕಕ್ಕೆ ಸಿಗುವುದು ಕಷ್ಟ. ಕೆಳಗಿನ ಕೇರಿ, ಮೇಲಿನ ಕೇರಿ ಎರಡೂ ಬರಬೇಕು ಅನ್ನುವ ತಿಳಿವಳಿಕೆ ಅದು. ಊರು ಗೊತ್ತಿದ್ದವರೇ ಮಾಡಿದ್ದು.

ನಮ್ಮ ಜನಗಣತಿಯಲ್ಲೂ ಒಂದು ಒಳ್ಳೆಯ ರೂಢಿ ಇದೆ, ಸುದ್ದಿಯಾಗುವುದು ಕಡಿಮೆ. ಗಣತಿ ಮುಗಿದ ಮೇಲೆ ಸ್ಯಾಂಪಲ್ ಎತ್ತಿ ಕೆಲವು ಕಡೆ ಮತ್ತೆ ಎಣಿಸುತ್ತಾರೆ. ಎಷ್ಟು ಜನ ತಪ್ಪಿಹೋದರು ಅಂತ ತಾವೇ ಅಚ್ಚು ಹಾಕಿಸುತ್ತಾರೆ. 2011ರಲ್ಲಿ ಸಾವಿರಕ್ಕೆ 23 ಮಂದಿ ತಪ್ಪಿದ್ದರು. ರಾಜ್ಯದ ಸಮೀಕ್ಷೆಗಳಿಗೂ ಇಂಥ ಮರುಎಣಿಕೆ ಕಡ್ಡಾಯ ಮಾಡಬೇಕು, ಎಷ್ಟು ಬಾಗಿಲು ತೆರೆಯಲಿಲ್ಲ ಅನ್ನುವುದನ್ನು ಮೊದಲ ಪುಟದಲ್ಲೇ ಹಾಕಬೇಕು ಅಂತ ಭಾವನಿಗೆ ಹೇಳಿದೆ. 2027ರ ಜನಗಣತಿಗೆ ಮೇಷ್ಟ್ರು ಬಂದಾಗ ‘ಆಮೇಲೆ ಬನ್ನಿ’ ಅನ್ನಬೇಡಿ ಅಂತಲೂ ಹೇಳಿದೆ. ‘ದಂಡ ಹಾಕ್ತಾರಾ?’ ಅಂತ ಕೇಳಿದರು. ಜನಗಣತಿ ಕಾಯ್ದೆಯಲ್ಲಿ ಅದೂ ಇದೆ ಅಂದೆ. ‘ಹಂಗಾದ್ರೆ ನಿಮ್ಮಕ್ಕನ್ನ ಮಾತಾಡ್ಸಲಿ ಬಿಡು, ಮನೇಲಿ ಯಾವಾಗ್ಲೂ ಇರೋಳು ಅವಳೇ’ ಅಂದರು. ಅಕ್ಕ ಒಳಗಿಂದ, ‘ಆಧಾರ್ ಕಾರ್ಡೆಲ್ಲ ಎಲ್ಲಿಟ್ಟಿದೀರಾ, ಮೊದಲು ಅದ್ನ ಹೇಳಿ’ ಅಂದಳು.