ನಮ್ಮ ಹುಡುಗನ ಬೋಟನ್ನೂ ತೋರಿಸವ್ವಾ

ಕಳೆದ ಅಮಾವಾಸ್ಯೆಗೆ ಗದಗ-ಬೆಟಗೇರಿಯ ಅಣ್ಣನ ಮನೆಗೆ ಹೋಗಿದ್ದೆ. ಅಣ್ಣನ ಮಗ ಸರಕು ಹಡಗಿನಲ್ಲಿದ್ದಾನೆ. ಅತ್ತಿಗೆ ಕಟ್ಟೆಯ ಮೇಲೆ ಕುಳಿತು ಮೊಬೈಲ್ ನಕ್ಷೆಯಲ್ಲಿ ಮುಂಬೈ ಪಕ್ಕದ ಪುಟ್ಟ ಬಾಣವೊಂದರ ಮೇಲೆ ಬೆರಳಿಟ್ಟು, "ಇಗೋ, ಇಲ್ಲಿದ್ದಾನೆ ನೋಡು" ಎಂದರು. ಜೋಳ ಹಸನು ಮಾಡುತ್ತಿದ್ದ ನೆರೆಮನೆಯ ಅವ್ವ ಮೊರ ಕೆಳಗಿಟ್ಟು ಬಂದರು. ಅವರ ಮಗ ಮಲ್ಪೆಯ ಮೀನುಗಾರಿಕೆ ಬೋಟಿನಲ್ಲಿ ದುಡಿಯುತ್ತಾನೆ. "ನಮ್ಮ ಹುಡುಗನ ಬೋಟನ್ನೂ ತೋರಿಸವ್ವಾ" ಎಂದರು. ಅತ್ತಿಗೆ ನಕ್ಷೆಯನ್ನು ಮಲ್ಪೆಯತ್ತ ಸರಿಸಿ, ಹಿಗ್ಗಿಸಿ, ಮತ್ತೆ ಹಿಗ್ಗಿಸಿ ಹುಡುಕಿದರು. ಸಿಗಲಿಲ್ಲ. ಆ ತಾಯಿ ಸುಮ್ಮನೆ ಹೋಗಿ ಮೊರ ಎತ್ತಿಕೊಂಡರು.

ಆ ಬಾಣ ಕಾಣಿಸುವುದು ಎಐಎಸ್ ಎಂಬ ಉಪಕರಣದಿಂದ. ಸಾಗುತ್ತಿರುವ ಹಡಗು ತನ್ನ ಹೆಸರು, ಇರುವ ಜಾಗ, ವೇಗ, ದಿಕ್ಕುಗಳನ್ನು ರೇಡಿಯೋದಲ್ಲಿ ಸಾರುತ್ತಲೇ ಇರುತ್ತದೆ. ಸುತ್ತಲಿನ ಹಡಗುಗಳೂ ದಡದ ಕೇಂದ್ರಗಳೂ ಅದನ್ನು ಹಿಡಿಯುತ್ತವೆ. 2008ರಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಅಪಹರಿಸಿದ್ದು ಒಂದು ಮೀನುಗಾರಿಕೆ ದೋಣಿಯನ್ನು. 2011ರಲ್ಲಿ ಸಿಬ್ಬಂದಿ ಬಿಟ್ಟುಹೋದ ಪವಿತ್ ಎಂಬ ಹಡಗು ಯಾರ ಕಣ್ಣಿಗೂ ಬೀಳದೆ ತೇಲಿ ಮುಂಬೈನ ಜುಹು ಕಡಲತೀರದ ಮರಳಿಗೆ ಬಂದು ಕುಳಿತಿತ್ತು. ಕಡಲಿನ ಮೇಲೆ ಕಣ್ಣಿಡದಿದ್ದರೆ ಏನಾಗುತ್ತದೆಂದು ಈ ಎರಡೂ ತೋರಿಸಿದವು. ಇಂದು ದೇಶದ ಕರಾವಳಿಯ 74 ದೀಪಸ್ತಂಭಗಳಲ್ಲಿ ಎಐಎಸ್ ಸಂದೇಶ ಹಿಡಿಯುವ ಉಪಕರಣಗಳಿವೆ. ಇದು ಒಳ್ಳೆಯ ಕೆಲಸ, ಮನಸಾರೆ ಮೆಚ್ಚುತ್ತೇನೆ.

ಆದರೆ ಮೀನುಗಾರಿಕೆ ಬೋಟುಗಳಲ್ಲಿ ಎಐಎಸ್ ಕಡ್ಡಾಯವಾಗಿರುವುದು 20 ಮೀಟರಿಗಿಂತ ಉದ್ದದವುಗಳಿಗೆ. ಅಲೆಗೆ ಮೊದಲು ಮಗುಚುವುದು, ಮಂಜಿನಲ್ಲಿ ದೊಡ್ಡ ಹಡಗಿನ ಮೂತಿಗೆ ಸಿಗುವುದು ಸಣ್ಣ ಬೋಟು. ಅದನ್ನೇ ಲೆಕ್ಕದಿಂದ ಹೊರಗಿಟ್ಟರೆ ಹೇಗೆ?

ಮಲ್ಪೆಯ ಸುವರ್ಣ ತ್ರಿಭುಜ ಬೋಟು ನೆನಪಿದೆಯೇ? 2018ರ ಡಿಸೆಂಬರ್‌ನಲ್ಲಿ 7 ಮೀನುಗಾರರೊಂದಿಗೆ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ ಬಳಿಯ ಸಮುದ್ರದಲ್ಲಿ. ಅಷ್ಟು ತಿಂಗಳು ಆ ಮನೆಗಳವರು ಬಾಗಿಲು ನೋಡುತ್ತಾ ಹೇಗೆ ಕಳೆದಿರಬಹುದು! ಬೋಟಿನಲ್ಲಿ ಜಿಪಿಎಸ್ ಇದ್ದರೆ ಸಾಲದು. ಅದು ಬೋಟಿನವರಿಗೆ ದಾರಿ ತೋರಿಸುತ್ತದೆಯೇ ಹೊರತು ದಡದವರಿಗೆ ಬೋಟನ್ನು ತೋರಿಸುವುದಿಲ್ಲ.

ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್, ಅಂದರೆ ಬೋಟು ಇರುವ ಜಾಗವನ್ನು ದಡಕ್ಕೆ ತಿಳಿಸುವ ಉಪಕರಣ, ಈ ಕೊರತೆ ತುಂಬಬಲ್ಲದು. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ಉಪಗ್ರಹದ ಮೂಲಕ ಸಂದೇಶ ಕಳಿಸುತ್ತದೆ, ಚಂಡಮಾರುತದ ಎಚ್ಚರಿಕೆಯನ್ನೂ ತರುತ್ತದೆ. 1 ಲಕ್ಷ ಬೋಟುಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಚಾಲನೆ ಸಿಕ್ಕಿತು. ಮೀನು ಸಿಗುವ ಜಾಗ ಬೇರೆಯವರಿಗೆ ತಿಳಿದುಬಿಡುತ್ತದೆ ಎಂಬ ಅಳುಕು ಬೋಟಿನವರಿಗೆ ಇದ್ದರೆ ಅದು ಸಹಜ, ಹೊಟ್ಟೆಪಾಡಿನ ಪ್ರಶ್ನೆ. ಬೋಟು ಎಲ್ಲಿದೆ ಎಂಬ ಮಾಹಿತಿ, ಅಪಾಯದಲ್ಲಿದ್ದವರನ್ನು ಕಾಪಾಡುವ ಕೇಂದ್ರದ ಹೊರಗೆ ಹೋಗದು ಎಂದು ಸರ್ಕಾರ ಬರೆದುಕೊಡಲಿ. ಆಮೇಲೆ, ಟ್ರಾನ್ಸ್‌ಪಾಂಡರ್ ಚಾಲೂ ಇಲ್ಲದ ಯಾವ ಬೋಟನ್ನೂ ಬಂದರು ಬಿಡಲು ಬಿಡಬಾರದು.

ಕಡಲು ಕಾಣದ ನಮ್ಮ ಜಿಲ್ಲೆಗಳಿಗೆ ಇದು ಏಕೆ ಎನ್ನಬೇಡಿ. ಮಳೆ ಕೈಕೊಟ್ಟ ವರ್ಷ ನಮ್ಮ ಹುಡುಗರೂ ಘಟ್ಟ ಇಳಿಯುತ್ತಾರೆ. ಆ ಅವ್ವನ ಮಗ ಮುಂದಿನ ವಾರ ದಡಕ್ಕೆ ಬರುತ್ತಾನಂತೆ. ಫೋನ್ ಮಾಡಿದಾಗ ಮೊದಲು ಬೋಟಿನಲ್ಲಿ ಟ್ರಾನ್ಸ್‌ಪಾಂಡರ್ ಇದೆಯೇ ಎಂದು ಕೇಳಿ ಎಂದು ಹೇಳಿ, ಆ ಪದವನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟು ಬಂದಿದ್ದೇನೆ.