ತಿಂಗಳ ತನಕ ಊರು, ಆಮೇಲೆ ಥೆರಪಿ

ಮುಂಬೈಯಲ್ಲಿ ಅನಾಹುತ ಕಂಡು ಬಂದವನಿಗೆ ವಾರದೊಳಗೇ ‘ಥೆರಪಿಸ್ಟ್ ಹತ್ರ ಹೋಗು’ ಅನ್ನುವವರು ಸಿಗುತ್ತಾರೆ. ನಮ್ಮ ಅಂಕೋಲೆ, ಕಾರವಾರದ ಕಡೆ ವರ್ಷ ಕಳೆದರೂ ‘ಮರೆತುಬಿಡು ಮಾರಾಯಾ’ ಅಂತಲೇ ಇರುತ್ತಾರೆ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತಲ್ಲ, ಅಂಥದ್ದನ್ನು ಕಣ್ಣಾರೆ ಕಂಡವರ ಮಟ್ಟಿಗೆ ಎರಡೂ ಕಡೆಯ ಲೆಕ್ಕ ತಪ್ಪು ಅಂತ ನನ್ನ ಅನಿಸಿಕೆ.

ಮೊದಲ ತಿಂಗಳು ಊರಿನ ರೀತಿಯೇ ಮೇಲು. ಗಂಜಿ ತಂದುಕೊಡುವ ನೆರೆಮನೆ, ರಾತ್ರಿ ಜೊತೆಗೆ ಮಲಗುವ ಅತ್ತೆ, ಪರಿಹಾರದ ಅರ್ಜಿ ಹಿಡಿದು ತಹಶೀಲ್ದಾರ್ ಕಚೇರಿಗೆ ಓಡಾಡುವ ಭಾವ: ಆಗ ಬೇಕಿರುವುದು ಇಷ್ಟೇ. ಹೆಚ್ಚಿನವರು ಇದರಲ್ಲೇ ಸುಧಾರಿಸುತ್ತಾರೆ. ಆದರೆ ಬಂದವರೆಲ್ಲ ‘ಹೆಂಗಾಯ್ತು, ಮೊದ್ಲಿಂದ ಹೇಳು’ ಅನ್ನುವುದು, ವಾಟ್ಸಾಪ್ ವಿಡಿಯೊ ತೋರಿಸುವುದು ಬೇಡ. ನಿದ್ದೆಗೆಂದು ಮೆಡಿಕಲ್‌ನಿಂದ ತಂದ ಅಲ್ಪ್ರಾಜೋಲಾಮ್ ಮಾತ್ರೆ ಕೂಡ ಬೇಡ.

ತಿಂಗಳು ದಾಟಿಯೂ ಕೆಟ್ಟ ಕನಸು, ಬೆಚ್ಚಿಬೀಳುವುದು, ಆ ದಾರಿಯನ್ನೇ ತಪ್ಪಿಸುವುದು ಹೋಗದಿದ್ದರೆ ಥೆರಪಿ ಬೇಕು. ತಾಯತ ಕಟ್ಟಿಸಿ, ದೇವರಲ್ಲಿ ಪ್ರಸಾದ ಕೇಳಿ, ಅದಕ್ಕೂ ಇದಕ್ಕೂ ಜಗಳವಿಲ್ಲ.

ಪ್ರೊಲಾಂಗ್ಡ್ ಎಕ್ಸ್‌ಪೋಷರ್ ಅನ್ನುವ, ಭಯವನ್ನು ತಪ್ಪಿಸದೆ ಮೆಲ್ಲಗೆ ಎದುರಿಸುವ ವಿಧಾನದಲ್ಲಿ ಸಾಮಾನ್ಯವಾಗಿ 8ರಿಂದ 15 ಭೇಟಿ, ಒಂದೊಂದು ಸುಮಾರು 90 ನಿಮಿಷ. ಕಣ್ಣು ಮುಚ್ಚಿ, ನಡೆದದ್ದನ್ನು ಈಗ ನಡೆಯುತ್ತಿರುವಂತೆ ಹೇಳಬೇಕು. ರೆಕಾರ್ಡ್ ಮಾಡಿಕೊಂಡು ದಿನಾ ಮನೆಯಲ್ಲಿ ಕೇಳಬೇಕು. ಇದರ ಜೊತೆಗೆ ಭಯದ ಪಟ್ಟಿ, ಪ್ರತಿಯೊಂದಕ್ಕೂ 0ಯಿಂದ 100ರೊಳಗೆ ಅಂಕ. ತಗಡಿನ ಮಾಡಿನ ಮೇಲೆ ಮಳೆ ಬೀಳುವ ಸದ್ದಿಗೆ 40, ಬೇಸಿಗೆಯಲ್ಲಿ ಬಸ್ಸಿನಲ್ಲಿ ಶಿರೂರು ದಾಟುವುದಕ್ಕೆ 70, ಅಲ್ಲೇ ಇಳಿದು ಗಂಗಾವಳಿ ನದಿ ನೋಡುತ್ತ ನಿಲ್ಲುವುದಕ್ಕೆ 90. ಕಡಿಮೆಯದರಿಂದ ಶುರು, ಭಯ ಅರ್ಧಕ್ಕಿಳಿಯುವ ತನಕ, ಇಲ್ಲವೇ ಮುಕ್ಕಾಲು ಗಂಟೆ ಅಲ್ಲಿಂದ ಕದಲುವಂತಿಲ್ಲ. ನಡುವೆ ಎದ್ದುಬಂದರೆ ‘ಓಡಿದ್ದಕ್ಕೇ ಬದುಕಿದೆ’ ಎಂದು ಮನಸ್ಸು ಕಲಿಯುತ್ತದೆ. (ಜಡಿಮಳೆಯಲ್ಲಿ ಗುಡ್ಡದ ಬುಡದಲ್ಲಿ ನಿಲ್ಲುವುದನ್ನು ಪಟ್ಟಿಗೆ ಸೇರಿಸಬೇಡಿ. ಆ ಭಯ ಕಾಯಿಲೆಯಲ್ಲ.)

ಕೆಡುವುದು ಹೆಚ್ಚಾಗಿ ಎರಡನೇ ಮೂರನೇ ಭೇಟಿಯ ಹೊತ್ತಿಗೆ. ಕನಸು ಜಾಸ್ತಿಯಾಗುತ್ತದೆ, ಮನೆಯವರು ‘ಇದೆಲ್ಲ ಬೇಡ’ ಎಂದು ಬಿಡಿಸುತ್ತಾರೆ. ಹಾಗಾಗಬಹುದೆಂದು ಥೆರಪಿಸ್ಟ್ ಮೊದಲೇ ಮನೆಯವರಿಗೂ ಹೇಳಿಟ್ಟಿರಬೇಕು. ಮುಂಬೈಯಲ್ಲಿ ಇಂಗ್ಲಿಷಿನಲ್ಲೇ ಮುಗಿಸುವುದು ಇನ್ನೊಂದು ತೊಂದರೆ. ಮನೆಮಾತು ಕೊಂಕಣಿಯಾದರೆ ಕೊಂಕಣಿಯಲ್ಲೇ ಹೇಳಲಿ.

ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಫೋನಿನಲ್ಲೇ ಪೂರ್ತಿ ಥೆರಪಿ ಸಿಗುತ್ತದೆ ಅಂದುಕೊಳ್ಳಬೇಡಿ. ‘ಟ್ರಾಮಾ ಥೆರಪಿ ಕಲಿತವರು ಹತ್ತಿರದಲ್ಲಿ ಎಲ್ಲಿದ್ದಾರೆ?’ ಎಂದು ಬಿಡಿಸಿ ಕೇಳಿ.